ಪದ್ಮಾಸನದಲ್ಲಿ ಪ್ರತಿಪಕ್ಷ

ವಾದದಲ್ಲಿ ನನ್ನನ್ನು ಸೋಲಿಸುವವರು ಪುಣೆಯಲ್ಲಿ ಯಾರೂ ಇಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ನಂಬಿಕೆ ಎಂಬ ಮಾತನ್ನು ನಾನು ಸುಮ್ಮನೆ ಬಳಸುವವನಲ್ಲ. ದೆವ್ವ, ಜಾತಕ, ಹಲ್ಲಿ ಲೊಚಗುಟ್ಟುವುದು, ಇವೆಲ್ಲವನ್ನೂ ಪ್ರಮಾಣ ಕೇಳಿ ಕೇಳಿ ಮನೆಯಿಂದ ಹೊರಗೆ ಹಾಕಿದವನು ನಾನು. ಆದರೆ ನನ್ನ ನಾಲಿಗೆಯ ವಿಷಯದಲ್ಲಿ ಮಾತ್ರ ಪ್ರಮಾಣ ಕೇಳುವ ಅಗತ್ಯ ನನಗೆ ಎಂದೂ ಕಂಡಿರಲಿಲ್ಲ!

ನಾನು ಕಾನೂನು ಓದುವವನು. ಊರು ಧಾರವಾಡ, ಬಿಡಾರ ಮಾತ್ರ ಶನಿವಾರ ಪೇಟೆಯ ಒಂದು ಹಳೆಯ ವಾಡೆಯಲ್ಲಿ. ನಾನು, ಅವ್ವ, ನನ್ನ ಹೆಂಡತಿ ಗೋದಾವರಿ, ಇಷ್ಟೇ ಸಂಸಾರ. ಪುಣೆಯ ಕನ್ನಡ ಮಂದಿ ತಿಂಗಳಿಗೊಮ್ಮೆ ಒಂದು ಶಾಲೆಯ ಹಾಲಿನಲ್ಲಿ ಕೂಡಿ ಚರ್ಚಾಸಭೆ ನಡೆಸುತ್ತಿದ್ದರು. ಆ ಸಲದ ವಿಷಯ: 'ಯೋಗಾಭ್ಯಾಸದಿಂದ ದೇಹಕ್ಕೂ ಮನಸ್ಸಿಗೂ ಹಿತವಾಗುತ್ತದೆ.' ಅದನ್ನು ವಿರೋಧಿಸುವ ಮುಖ್ಯ ಭಾಷಣಕಾರ ನಾನೇ. ಬೇರೆ ಯಾರು?

ಈ ಸಭೆ ಬರೀ ಚಪ್ಪಾಳೆಯ ಮಾತಾಗಿರಲಿಲ್ಲ. ಗೋದಾವರಿಯ ತಂದೆ ಬೆಳಗಾವಿಯ ದೊಡ್ಡ ವಕೀಲರು. ಆ ರವಿವಾರ ಮಗಳನ್ನು ನೋಡಲು ಬರುವವರಿದ್ದರು. "ಅಳಿಯಂದಿರ ಮಾತು ಸಭಾದಾಗ ಒಮ್ಮೆ ಕೇಳ್ತೀನಿ. ಮನಸ್ಸಿಗೆ ಬಂದರ ನಮ್ಮ ಆಫೀಸಿನ್ಯಾಗ ಜೂನಿಯರ್ ಅಂತ ತೊಗೋತೀನಿ" ಎಂದು ಹೇಳಿ ಕಳಿಸಿದ್ದರು. ಅವರ ಮನಸ್ಸಿಗೆ ಬರದಿದ್ದರೆ? ಕರಿ ಕೋಟು ಹಾಕಿಕೊಂಡು, ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ, ನೊಣ ಹೊಡೆಯುತ್ತ ನಿಲ್ಲುವ ವಕೀಲರ ಸಾಲಿನಲ್ಲಿ ಕೊನೆಯವನಾಗಿ ನಾನು. ಆದರೆ ಮನಸ್ಸಿಗೆ ಬರದೆ ಇರುವ ಪ್ರಶ್ನೆಯೇ ಇರಲಿಲ್ಲವಲ್ಲ!

ಸಭೆಗೆ ಮುಂಚೆ ಸ್ವಲ್ಪ ಕೈ ಪಳಗಿಸಿಕೊಳ್ಳೋಣವೆಂದು ಮಾಳಿಗೆಯ ಯಮುನಾಕಾಕೂ ಅವರನ್ನು ಹಿಡಿದೆ. ಕಾಕೂಗೆ ಎಪ್ಪತ್ತರ ಆಸುಪಾಸು. ತವರು ಸೊಲ್ಲಾಪುರವಾದ್ದರಿಂದ ಕನ್ನಡ ಬರುತ್ತಿತ್ತು, ಮೇಲೆ ಮರಾಠಿಯ ಒಗ್ಗರಣೆ. ದಿನಾ ಮುಂಜಾನೆ ಗ್ಯಾಲರಿಯಲ್ಲಿ ಚಾಪೆ ಹಾಸಿ, ಕಚ್ಚೆ ಸೀರೆ ಬಿಗಿದು, ಹೂವು ಕಟ್ಟುವವರ ಹಾಗೆ ಸಾವಕಾಶವಾಗಿ ಆಸನ ಹಾಕುತ್ತಿದ್ದರು.

"ಕಾಕೂ, ಕೈಕಾಲು ತಿರುವಿದರ ಮನಸ್ಸಿಗೆ ಹಿತ ಆಗ್ತದ ಅನ್ನೂದಕ್ಕ ಪ್ರಮಾಣ ಏನು?" ಎಂದೆ.

"ಪ್ರಮಾಣ ಗಿಮಾಣ ನನಗ ಗೊತ್ತಿಲ್ಲಪ್ಪಾ. ರಾತ್ರಿ ನಿದ್ದಿ ಛಾನ್ ಬರ್ತದ. ಮುಂಜಾನೆ ಯಾರ ಮ್ಯಾಲೂ ಸಿಟ್ಟು ಬರೂದಿಲ್ಲ. ನಿನ್ನ ಮ್ಯಾಲೂ!"

"ಅದು ವಯಸ್ಸಿನಿಂದ ಬಂದ ಶಾಂತಿ ಇರಬಹುದಲ್ಲ?"

"ನಿಮ್ಮ ಅವ್ವಗೂ ವಯಸ್ಸಾಗೇದ. ಅಕಿಗೆ ಶಾಂತಿ ಬಂದದ ಏನು?"

ಕಾಕೂ ಒಂದು ಕಾಲು ಇಳಿಸಿ, ಇನ್ನೊಂದು ಕಾಲು ಎತ್ತಿ, ಅಲ್ಲಿಂದಲೇ ಕೇಳಿದರು. "ನೀ ಎಂದರ ಮಾಡಿ ನೋಡೀಯೇನು?"

"ಇಲ್ಲ."

"ಅರೆ ವಾ, ವಕೀಲಸಾಹೇಬ! ಕಣ್ಣಿಲೆ ನೋಡಲಾರದ ಸಾಕ್ಷಿ ಹೇಳೋರಿಗೆ ನಿಮ್ಮ ಕೋರ್ಟಿನ್ಯಾಗ ಏನಂತಾರ?"

ಏನೆನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಭೆಯಲ್ಲಿ ಯಾರಾದರೂ ಇದೇ ಪ್ರಶ್ನೆ ಎತ್ತಿದರೆ? ನಾನೇ ಯೋಗ ಮಾಡಿ, ನಾನೇ ಸಾಕ್ಷಿಯಾಗಬೇಕು! ಕಾಕೂ ಮಗುವಿಗೆ ಹೇಳುವ ಹಾಗೆ, 'ಬಾಳಾ' ಎನ್ನುತ್ತ, ಪುಕ್ಕಟೆ ಉಪದೇಶವನ್ನೂ ಕೊಟ್ಟರು. "ಸಾವಕಾಶ ಮಾಡು ಬಾಳಾ. ಉಸಿರು ಬಿಡು. ಮೈ ಎಲ್ಲಿ ಸಾಕು ಅಂತದ, ಅಲ್ಲೇ ನಿಲ್ಲು. ಮೈ ಜೋಡಿ ಜಗಳಾ ಬ್ಯಾಡ."

ಈ ಉಪದೇಶವನ್ನು ನಾನು ಕೂಲಂಕಷವಾಗಿ ಪರಿಶೀಲಿಸಿ ತಳ್ಳಿಹಾಕಿದೆ. ಸಾವಕಾಶ ಮಾಡಿದರೆ ತ್ರಾಸಾಗುವುದಿಲ್ಲ. ತ್ರಾಸಾಗದಿದ್ದರೆ ಪ್ರತಿಪಕ್ಷಕ್ಕೆ ವಾದವೇ ಉಳಿಯುವುದಿಲ್ಲ. ಆದ್ದರಿಂದ ಸಭೆಯ ದಿನವೇ, ಅನುಭವ ಬಿಸಿಬಿಸಿಯಾಗಿರುವಾಗ, ಒಮ್ಮೆಲೇ ಪದ್ಮಾಸನ. ಅದೂ ಗುಟ್ಟಾಗಿ. ಯೋಗದ ಶತ್ರು ಯೋಗ ಮಾಡುವುದನ್ನು ಮಂದಿ ನೋಡಬಾರದಲ್ಲ!

ಇಲ್ಲಿ ಅವ್ವನ ಮಡಿಯ ವಿಷಯ ಹೇಳಬೇಕು. ಸ್ನಾನ ಮಾಡಿ, ಒಗೆದು ಹರವಿದ ಬಟ್ಟೆ ಉಟ್ಟು ಅಡಿಗೆಗೆ ನಿಂತರೆ ಊಟ ಮುಗಿಯುವವರೆಗೆ ಅವ್ವನನ್ನು ಯಾರೂ ಮುಟ್ಟುವ ಹಾಗಿಲ್ಲ. ಮಡಿಬಟ್ಟೆಯನ್ನೂ ಮುಟ್ಟುವ ಹಾಗಿಲ್ಲ. ಅದಕ್ಕೇ ಅವು ಹಿಂದಿನ ಕೋಣೆಯ ಜಂತಿಗೆ ಕಟ್ಟಿದ ಎತ್ತರದ ಗಳದ ಮೇಲೆ ಒಣಗುತ್ತಿದ್ದವು. ಹಾಕುವುದು, ತೆಗೆಯುವುದು ಎಲ್ಲ ಉದ್ದ ಕೋಲಿನಿಂದ. ಸಭೆಯ ಹಿಂದಿನ ದಿನವಷ್ಟೇ ಈ ಬಗ್ಗೆ ಅವ್ವನ ಜೊತೆ ಒಂದು ಸುತ್ತು ವಾದವಾಗಿತ್ತು.

"ಬಟ್ಟಿ ಅಂದರ ಬಟ್ಟಿ, ಅವ್ವಾ. ಮುಟ್ಟಿದರ ಏನಾಗ್ತದ? ಸಿದ್ಧ ಮಾಡಿ ತೋರಿಸು."

"ಸಿದ್ಧಾಂತ ನಿನ್ನ ಹತ್ತಿರ ಇರಲಿ. ಬಟ್ಟಿ ಮುಟ್ಟಬ್ಯಾಡ!"

ನಾನು ಗೆದ್ದೆನೆಂದು ಎದ್ದು ಬಂದಿದ್ದೆ.

ರವಿವಾರ ಬಂತು. ಮಾಘದ ಚಳಿ. ಮಾವನವರು ನಸುಕಿನಲ್ಲೇ ರೈಲು ಇಳಿದು, ಟಾಂಗಾದಲ್ಲಿ ಬಂದು, ಚಹಾ ಕುಡಿದು, ಹೊತ್ತೇರಿದ ಮೇಲೆ ಹಂಡೆಯ ಬಿಸಿನೀರೆಲ್ಲ ತಮ್ಮದೇ ಎಂಬ ನೆಮ್ಮದಿಯಿಂದ ಬಚ್ಚಲಿಗೆ ಹೋದರು. ಅವ್ವನೂ ಗೋದಾವರಿಯೂ ಮಡಿ ಉಟ್ಟು ಹೋಳಿಗೆಯ ಗದ್ದಲದಲ್ಲಿದ್ದರು. ನಾನು ಮೆಲ್ಲಗೆ ಹಿಂದಿನ ಕೋಣೆ ಹೊಕ್ಕು ಚಿಲಕ ಹಾಕಿದೆ.

ಬಲಗಾಲು ಎಡತೊಡೆಯ ಮೇಲೆ ಬಂತು. ಎಡಗಾಲು ಬರಲಿಲ್ಲ. ಅದನ್ನು ಎಳೆದು ತಂದರೆ ಬಲಗಾಲು ಜಾರಿ ಇಳಿಯಿತು. ರಾಜಿಗೆ ಕರೆದ ಅಣ್ಣತಮ್ಮಂದಿರ ಹಾಗೆ, ಒಬ್ಬ ಕೂತರೆ ಇನ್ನೊಬ್ಬ ಎದ್ದು ಹೋಗುತ್ತಿದ್ದ! ಮೊಣಕಾಲು 'ಸಾಕು' ಎಂದಿತು. ನಾನು ಕಾರಣ ಕೇಳಿದೆ. ಸೊಂಟ 'ಸಾಕೋ ಮಾರಾಯಾ' ಎಂದಿತು. ಅದಕ್ಕೂ ಪ್ರಮಾಣ ಕೇಳಿದೆ. ಕೊನೆಗೆ ನನ್ನ ಕಣ್ಣು ಮೇಲೆ ಹೋಯಿತು. ಗಳದ ಮೇಲೆ ಒಂದು ಉದ್ದ ಧೋತರ, ಇನ್ನೂ ಅರೆಹಸಿ.

ಬಟ್ಟೆ ಅಂದರೆ ಬಟ್ಟೆ. ಕೋಲಿನಿಂದ ಇಳಿಸಿದೆ.

ಎರಡೂ ಪಾದ ಒತ್ತಿ ಹಿಡಿದು, ಅವುಗಳ ಮೇಲೆ ಧೋತರ ಹಾಯಿಸಿ, ತೊಡೆಯ ಕೆಳಗಿಂದ ತಂದು, ಸೊಂಟಕ್ಕೆ ಸುತ್ತಿ, ಬೆನ್ನ ಹಿಂದೆ ಜಗ್ಗಿ ಗಂಟು ಹಾಕಿದೆ. ಗಂಟಿನ ಮೇಲೆ ಇನ್ನೊಂದು ಗಂಟು. ಆಹಾ! ಪದ್ಮಾಸನ ಸಿದ್ಧ! ಕಣ್ಣು ಮುಚ್ಚಿ ಭಾಷಣದ ಮೊದಲ ವಾಕ್ಯ ಹೇಳಿಕೊಂಡೆ: "ಅಧ್ಯಕ್ಷರೇ, ಈ ಆಸನದಲ್ಲಿ ಇಲ್ಲದ್ದು ಒಂದೇ, ಅದು ಹಿತ."

ಎರಡನೆಯ ವಾಕ್ಯ ಬರುವ ಮೊದಲು ಕಾಲೊಳಗೆ ಇರುವೆ ಹರಿದವು. ಆಮೇಲೆ ಇರುವೆಗಳೂ ಸತ್ತವು. ಕಾಲೇ ಇಲ್ಲ ಅನ್ನಿಸಿತು. ಸಾಕ್ಷ್ಯ ಸಾಕೆಂದು ಗಂಟಿಗೆ ಕೈ ಹಾಕಿದೆ. ಹಸಿ ಬಟ್ಟೆಯ ಗಂಟು, ಬೆನ್ನ ಹಿಂದೆ, ಕಣ್ಣಿಗೆ ಕಾಣದ್ದು! ಜಗ್ಗಿದಷ್ಟೂ ಬಿಗಿಯಿತು.

ಅಷ್ಟರಲ್ಲಿ ಬಚ್ಚಲಿಂದ ಮಾವನವರ ದನಿ ಬಂತು. "ಗೋದೂ, ನನ್ನ ಮಡಿ ಧೋತರ ಎಲ್ಲೆ ಅದವಾ?"

"ಹಿಂದಿನ ಖೋಲಿಯೊಳಗ, ಗಳದ ಮ್ಯಾಲ ಅದರೀ ಅಪ್ಪಾ! ನೀವು ಬಂದ ಕೂಡಲೆ ಅತ್ತಿಯವರು ನಸುಕಿನ್ಯಾಗ ಹಿಂಡಿ ಹಾಕ್ಯಾರ."

ನಾನು ಬಗ್ಗಿ ನನ್ನನ್ನೇ ನೋಡಿಕೊಂಡೆ. ಅಂಚು ಕೆಂಪು. ಮಾವನವರದ್ದೇ!

ಬಾಗಿಲು ತಟ್ಟಿದ ಸದ್ದು. "ಒಳಗ ಯಾರು?"

"ನಾನ್ರಿ, ಮಾವನವರ. ಸ್ವಲ್ಪ ಅವಕಾಶ ಬೇಕು."

"ಲಗೂ ಮಾಡ್ರಿ ಅಳಿಯಂದ್ರ! ಒದ್ದಿ ಪಂಜಿ ಸುತಗೊಂಡು ನಿಂತೀನಿ. ಚಳಿ ಭಾಳ ಅದ!"

ಅವರ ಹಲ್ಲು ಕಟಕಟ ಅನ್ನುವುದು ಬಾಗಿಲ ಈಚೆಗೂ ಕೇಳುತ್ತಿತ್ತು. ನಾನು ಎರಡೂ ಕೈ ಊರಿ, ಕಪ್ಪೆಯ ಹಾಗೆ ಪುಟಿಯುತ್ತ, ಪದ್ಮಾಸನ ಸಮೇತ ಬಾಗಿಲ ಬಳಿ ಹೋದೆ. ಚಿಲಕ ಮೇಲಿತ್ತು. ಮಡಿಕೋಲಿನಿಂದಲೇ ತಿವಿದು ತಿವಿದು ಕೆಡವಿದೆ. ಬಾಗಿಲು ತೆರೆಯಿತು.

ಹೊಸ್ತಿಲ ಆಚೆ ನಡುಗುತ್ತಿರುವ ಬೆಳಗಾವಿಯ ದೊಡ್ಡ ವಕೀಲರು. ಹಿಂದೆ ಸೌಟು ಹಿಡಿದ ಅವ್ವ. ಅವಳ ಹಿಂದೆ ಬಾಯಿ ಮುಚ್ಚಿಕೊಂಡ ಗೋದಾವರಿ. ಈಚೆ ನಾನು, ಕಟ್ಟಿಟ್ಟ ಹಾಸಿಗೆ ಸುರುಳಿಯ ಹಾಗೆ.

"ಅಯ್ಯ ದೇವರ! ಬೀಗರ ಧೋತರಾ!" ಎಂದಳು ಅವ್ವ. ಮಗನಿಗೆ ಏನಾಗಿದೆ ಎಂದು ಕೇಳಲಿಲ್ಲ.

"ಅವ್ವಾ, ಗಂಟು... ಮೊದಲು ಗಂಟು ಬಿಚ್ಚು!"

"ಹ್ಯಾಂಗ ಬಿಚ್ಚಲೋ? ಮಡೀಲೆ ಇದ್ದೀನಿ. ನಿನ್ನ ಮುಟ್ಟಿದರ ಹೋಳಿಗಿ, ಪಲ್ಯ, ಸಾರು ಎಲ್ಲಾ ಹೋತು."

"ಮುಟ್ಟಿದರ ಏನೂ ಆಗೂದಿಲ್ಲ ಅವ್ವಾ!"

"ಅದು ನಿನ್ನಿ ಮಾತು, ನೀ ಗೆದ್ದಿ. ಇವತ್ತ ಹಾಂಗ ಕೂಡು."

ಗೋದಾವರಿಯ ಕಡೆ ತಿರುಗಿದೆ. "ನೀನರ ಬಾರೇ."

"ನಾನೂ ಮಡಿ ಅಲ್ಲೇನ್ರೀ? ಮತ್ತ ಸ್ನಾನಾ ಮಾಡಬೇಕಂದರ ಬಿಸಿನೀರು ಅಪ್ಪನ ಮೈಮ್ಯಾಲ ಹೋಗೇದ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅದು ಅಳುವಲ್ಲ ಎಂದು ನನಗೆ ಗೊತ್ತಿತ್ತು.

ಮಾವನವರೂ ಸ್ನಾನವಾದವರು. ಮುಟ್ಟುವ ಹಾಗಿಲ್ಲ. ಹೀಗೆ ನನ್ನ ಸುತ್ತ ಮೂವರು ಹತ್ತಿರದ ಬಂಧುಗಳು ಕೈಗೆಟುಕುವ ದೂರದಲ್ಲಿ ನಿಂತು, ಗಂಟು ಬಿಚ್ಚುವುದು ಹೇಗೆಂದು ಬಾಯಲ್ಲಿ ಸಲಹೆ ಕೊಡತೊಡಗಿದರು. "ಎಡಕ್ಕ ಜಗ್ಗು." "ಅಲ್ಲ, ಬಲಕ್ಕ ಜಗ್ರಿ." ಇಡೀ ಜೀವನ ನಾನು ಮಂದಿಗೆ ಇಂಥ ಸಹಾಯವನ್ನೇ ಮಾಡಿಕೊಂಡು ಬಂದವನು. ಅದು ಎಷ್ಟು ನಿರುಪಯೋಗಿ ಎಂದು ಅಂದು ತಿಳಿಯಿತು!

ಗದ್ದಲ ಕೇಳಿ ಯಮುನಾಕಾಕೂ ಬಂದರು. ಕಾಯಿಪಲ್ಯದ ಮಂಡಿಗೆ ಹೋಗಿ ಬಂದಿದ್ದರು, ಚೀಲದಲ್ಲಿ ಹಡಪಸರದ ಬದನೆಕಾಯಿ. ದೇವರ ದಯೆ, ಕಾಕೂ ಮಡಿಯಲ್ಲಿರಲಿಲ್ಲ! (ದೇವರ ವಿಷಯದಲ್ಲಿ ನನ್ನ ನಿಲುವು ಆ ಕ್ಷಣಕ್ಕೆ ಸಡಿಲಾಗಿತ್ತು.) ಎಪ್ಪತ್ತರ ಆ ಮುದುಕಿ ಚೀಲ ಇಟ್ಟು, ನಿಂತಲ್ಲೇ ಸೊಂಟ ಮಡಚಿ, ನೆಲದವರೆಗೆ ಬಗ್ಗಿ, ನನ್ನ ಬೆನ್ನ ಹಿಂದಿನ ಗಂಟನ್ನು ಉಗುರಿನಿಂದ ಎರಡು ಸಲ ಕೆದರಿ ಬಿಚ್ಚಿದರು. ಉಸಿರು ಕೂಡ ಏರಲಿಲ್ಲ.

"ವಕೀಲಸಾಹೇಬ, ಕಾಲು ತಾನಾಗಿ ಬಂದರ ಯೋಗ. ಕಟ್ಟಿ ತಂದರ ಅರೆಸ್ಟ್!"

ಧೋತರ ಬಿಡುಗಡೆಯಾಯಿತು. ಆದರೆ ನಾನು ಮುಟ್ಟಿದ್ದು ಇನ್ನು ಮಡಿಗೆ ಎಲ್ಲಿ ಬಂತು? ಮನೆಯಲ್ಲಿ ಇನ್ನು ಉಳಿದಿದ್ದ ಮಡಿವಸ್ತ್ರ ಒಂದೇ, ಅವ್ವನ ಹಳೆಯ ಕೆಂಪು ಧಾವಳಿ. ಉಣ್ಣೆಯದು, ಉಣ್ಣೆಗೆ ಮೈಲಿಗೆಯಿಲ್ಲ, ಚುಚ್ಚುವುದಕ್ಕೆ ಮಾತ್ರ ಮಿತಿಯಿಲ್ಲ. ಜಿಲ್ಲಾ ಕೋರ್ಟನ್ನೇ ನಡುಗಿಸುವ ಮಾವನವರು ಆ ಹೆಂಗಸರ ಧಾವಳಿ ಉಟ್ಟು, ಒಂದು ತುತ್ತಿಗೊಮ್ಮೆ ತೊಡೆ ಕೆರೆದುಕೊಳ್ಳುತ್ತ, ಹೋಳಿಗೆ ತಿಂದರು. ಜೂನಿಯರ್ ಕೆಲಸ ತುಪ್ಪದ ಜೊತೆ ಕರಗಿ ಹೋಳಿಗೆಯ ಕೆಳಗೆ ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು.

ಉಳಿದ ಆಸೆ ಒಂದೇ, ಭಾಷಣ. ಸಂಜೆ ಕುಂಟುತ್ತ ಸಭೆಗೆ ಹೋದೆ. ಮೊದಲ ಸಾಲಿನಲ್ಲಿ ಮಾವನವರು, ಪಕ್ಕದಲ್ಲಿ ಗೋದಾವರಿ, ಕಾಕೂ. ಮೇಜು ಹಿಡಿದು ನಿಂತು ಗುಡುಗಿದೆ. "ಅಧ್ಯಕ್ಷರೇ! ನಾನು ಕೇಳಿದ್ದನ್ನು ಹೇಳುತ್ತಿಲ್ಲ. ಸ್ವಂತ ಅನುಭವದಿಂದ ಹೇಳುತ್ತೇನೆ. ಯೋಗದಿಂದ ಕಾಲು ಹಿಡಿಯುತ್ತದೆ, ಸೊಂಟ ಹಿಡಿಯುತ್ತದೆ, ಮನಃಶಾಂತಿ ಹಾಳಾಗುತ್ತದೆ!" ಚಪ್ಪಾಳೆ ಬಿತ್ತು. ನನ್ನ ಜೀವ ಮರಳಿ ಬಂತು.

ನಮ್ಮ ಸಭೆಯಲ್ಲಿ ಕೇಳುಗರೂ ಪ್ರಶ್ನೆ ಹಾಕಬಹುದಿತ್ತು. ಕಾಕೂ ಕಿವಿಯಲ್ಲಿ ಹೇಳಿದ್ದನ್ನು ಕೇಳಿಕೊಂಡು ಮಾವನವರು ಎದ್ದು ನಿಂತರು. ಒಮ್ಮೆ ತೊಡೆ ಕೆರೆದುಕೊಂಡರು.

"ಭಾಷಣಕಾರರಿಗೆ ಯಾರರೆ ಯೋಗ ಹೇಳಿಕೊಟ್ಟಿದ್ರೇನು?"

"ಹೌದ್ರಿ."

"ಸಾವಕಾಶ ಮಾಡು ಅಂದಿದ್ರೋ ಇಲ್ಲೋ?"

"ಅಂದಿದ್ರು."

"ಸಾಕು ಅಂತ ಮೈ ಹೇಳಿತೋ ಇಲ್ಲೋ?"

"ಹೇಳಿತ್ರಿ."

"ಆವಾಗ ನೀವು ಏನು ಮಾಡಿದ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಮೊದಲ ಸಾಲಿನಲ್ಲಿ ಕಾಕೂ ಕೂತಿದ್ದರು. "ಮೈ ಜೋಡಿ ವಾದಾ ಮಾಡಿದೆ" ಎಂದೆ.

ಸಭೆಯೆಲ್ಲ ನಕ್ಕಿತು. ಮಾವನವರು ನಗಲಿಲ್ಲ. "ಕಡೀ ಪ್ರಶ್ನೆ. ಕಾಲು ಹಿಡಿದದ್ದು ಯೋಗದಿಂದೋ, ನನ್ನ ಧೋತರದಿಂದೋ?"

ಅಧ್ಯಕ್ಷರು ಗಂಟೆ ಬಾರಿಸುವುದನ್ನು ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು. ಮತ ಹಾಕಿದಾಗ ಪ್ರತಿಪಕ್ಷಕ್ಕೆ ಬಂದದ್ದು ನನ್ನ ಕೈಯೊಂದೇ. ಅದೂ ಅರ್ಧ ಎತ್ತಿದ್ದು.

ಟಾಂಗಾದಲ್ಲಿ ಮರಳುವಾಗ ಮಾವನವರೇ ಬಾಯಿ ಬಿಟ್ಟರು. "ಸೋಲು ಕಣ್ಣಮುಂದ ಇದ್ದರೂ ಖರೇ ಹೇಳಿದ್ರಿ. ಅಂಥವರು ನನಗ ಬೇಕು. ಆದರ ನಮ್ಮ ಆಫೀಸಿನ್ಯಾಗ ಕುರ್ಚಿ ಇಲ್ಲ ಅಳಿಯಂದ್ರ. ಎಲ್ಲಾರೂ ಗಾದಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂಡೂದು. ಮುಂಜಾನೆ ಕೂತರ ಊಟಕ್ಕ ಏಳೂದು. ಮೊದಲ ಕಾಲು ಮಡಚಲಿಕ್ಕೆ ಕಲೀರಿ, ಆಮ್ಯಾಲ ಬರ್ರಿ."

ಅಂತೂ ಈಗ ದಿನಾ ಮುಂಜಾನೆ ಮಾಳಿಗೆಯ ಗ್ಯಾಲರಿಯಲ್ಲಿ ಎರಡು ಚಾಪೆ. ನಿದ್ದೆ ಚೆನ್ನಾಗಿ ಬರುತ್ತಿದೆ ಎಂಬುದನ್ನು ಒಪ್ಪುತ್ತೇನೆ; ಕಾರಣವನ್ನು ಇನ್ನೂ ಒಪ್ಪಿಲ್ಲ. ಪದ್ಮಾಸನ ದೂರ ಉಳಿದಿದೆ. ಸದ್ಯಕ್ಕೆ ನನಗೆ ಒಗ್ಗುವ ಆಸನ ಒಂದೇ, ಶವಾಸನ. ಹೆಣದ ಹಾಗೆ ಅಂಗಾತ ಬಿದ್ದಿರುವುದು. ಇದರಲ್ಲಾದರೂ ಕಾಕೂ ನನ್ನನ್ನು ಮೆಚ್ಚಬೇಕು ಎಂದುಕೊಂಡು ನಿನ್ನೆ ಮಲಗಿದಲ್ಲಿಂದಲೇ ಕೇಳಿದೆ. "ಕಾಕೂ, ಇದರಾಗಂತೂ ತಪ್ಪು ಇಲ್ಲಲ್ಲ?"

"ಕೈ ಸರಿ ಅದ. ಕಾಲು ಸರಿ ಅದ" ಎಂದರು ಕಾಕೂ, ಕಣ್ಣು ತೆರೆಯದೆ. "ಆದರ ಹೆಣಾ ಇಷ್ಟು ಮಾತಾಡೂದಿಲ್ಲ ಬಾಳಾ!"