ಮಾತ್ರೆ ನುಂಗಿ ಡಾಕ್ಟರ ಬಳಿಗೆ

ಡಾಕ್ಟರ ಬಳಿ ಹೋಗುವಾಗ ಆರೋಗ್ಯವಂತರಂತೆ ಕಾಣಬೇಕೆಂಬುದು ನಮ್ಮ ಮನೆತನದ ದೌರ್ಬಲ್ಯ. ಮೈ ಕೆಂಡದಂತೆ ಸುಡುತ್ತಿದ್ದರೂ ನಮ್ಮಪ್ಪ ಶೇವ್ ಮಾಡಿಕೊಂಡು, ಇಸ್ತ್ರಿ ಶರ್ಟು ತೊಟ್ಟು, ವಿಭೂತಿ ಹಚ್ಚಿಕೊಂಡೇ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿದ್ದರು. ನರ್ಸು, ಅವರ ಜೊತೆಗೆ ಹೋದ ನನ್ನನ್ನೇ ಮಂಚದ ಮೇಲೆ ಮಲಗಿಸಲು ನೋಡುತ್ತಿದ್ದಳು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ಎಡ ಮೊಣಕಾಲಿನ ಕೆಳಗಿನ ಎಲುಬು ಎರಡು ವರ್ಷ ರಾತ್ರಿಯೆಲ್ಲ ಪ್ರಾಣ ಹಿಂಡಿತು. ಆದರೆ ಡಾಕ್ಟರ ಮುಂದೆ ಮುಖ ಕಿವುಚಿಕೊಂಡು ಕೂರುವುದು ಮರ್ಯಾದೆಯಲ್ಲವೆಂದು, ಹೊರಡುವ ಮುನ್ನ ಒಂದು ನೋವಿನ ಮಾತ್ರೆ ನುಂಗಿಬಿಡುತ್ತಿದ್ದೆ. ಅರ್ಧ ಗಂಟೆಯಲ್ಲಿ ನೋವು ಹೇಳಹೆಸರಿಲ್ಲದೆ ಹೋಗುತ್ತಿತ್ತು. ಜಯನಗರದ ಇಬ್ಬರು ಡಾಕ್ಟರು ಒತ್ತಿ, ತಟ್ಟಿ, ಎಕ್ಸ್‌ರೇ ತೆಗೆಸಿ, "ಏನೂ ಇಲ್ಲ ಸಾರ್, ವಾಕಿಂಗ್ ಮಾಡಿ" ಎಂದು ಕಳಿಸಿದರು.

ಮನೆಯಲ್ಲಿ ನನ್ನ ಮಾನ ಹರಾಜಾಯಿತು. "ತರಕಾರಿ ತನ್ನಿ ಅಂದ್ರೆ ಕಾಲ್ನೋವು, ಮಸಾಲೆದೋಸೆ ಅಂದ್ರೆ ಗಾಂಧಿಬಜಾರ್‌ವರೆಗೂ ಓಡ್ತೀರಲ್ಲ!" ಎಂದಳು ಹೆಂಡತಿ ಸುಮಾ. ದೋಸೆಗೆ ಹೋಗುವಾಗಲೂ ಮಾತ್ರೆ ನುಂಗುತ್ತಿದ್ದೆನೆಂದು ಯಾವ ಬಾಯಲ್ಲಿ ಹೇಳಲಿ? ನಿಜ ಹೇಳಬೇಕೆಂದರೆ, ನೋವಿಗಿಂತ ಅವಳು ನಂಬದಿದ್ದುದೇ ನನಗೆ ದೊಡ್ಡ ಸಂಕಟವಾಗಿತ್ತು.

ಕೊನೆಗೆ ಜೆ.ಪಿ. ನಗರದ ಮೂಳೆ ಡಾಕ್ಟರಮ್ಮ, "ರಾತ್ರಿ ಜಾಸ್ತಿನಾ? ಮಾತ್ರೆ ತಗೊಂಡ್ರೆ ಪೂರ್ತಿ ಹೋಗುತ್ತಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿ, "ಈಗ್ಲೂ ತಗೊಂಡೇ ಬಂದಿದೀನಿ ಮೇಡಂ" ಎಂದೆ.

"ಅದನ್ನ ಮೊದ್ಲೇ ಹೇಳೋದಲ್ವಾ ಸಾರ್? ಮಾತ್ರೆಗೆ ಪೂರ್ತಿ ಹೋಗೋದೇ ಈ ಕಾಯಿಲೆ ಗುರುತು!" ಎಂದವರೇ ಸಿ.ಟಿ. ಸ್ಕ್ಯಾನಿಗೆ ಕಳಿಸಿದರು. ಎಲುಬಿನೊಳಗೊಂದು ಗೆಡ್ಡೆ ಸಿಕ್ಕಿತು. ಗೆಡ್ಡೆ ಎಂದೊಡನೆ ಜೊತೆಗೆ ಬಂದಿದ್ದ ಸುಮಾಳ ಮುಖ ಬಿಳಿಚಿಕೊಂಡಿತು. ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. "ಕ್ಯಾನ್ಸರ್ ಅಲ್ಲಮ್ಮ, ಹರಡಲ್ಲ. ಬಟಾಣಿ ಕಾಳಷ್ಟಿದೆ. ಸೂಜಿ ತೂರಿಸಿ ಸುಟ್ಟುಬಿಡ್ತೀವಿ" ಎಂದರು ಡಾಕ್ಟರಮ್ಮ. ಹೋದ ಜೀವ ಬಂತು. ಬಂದ ಮರುಕ್ಷಣವೇ, ಎರಡು ವರ್ಷ ಗೋಳಾಡಿದ್ದು ಒಂದು ಬಟಾಣಿಗಾಗಿಯೇ ಎಂದು ಅವಮಾನವೂ ಆಯಿತು. ಒಂದು ನಿಂಬೆಹಣ್ಣಿನಷ್ಟಾದರೂ ಇರಬಾರದಿತ್ತೇ?

ಅರಿವಳಿಕೆ ಕೊಟ್ಟು ಸುಟ್ಟರು. ಎರಡೇ ದಿನದಲ್ಲಿ ಹಳೆಯ ನೋವು ಮಾಯ. "ನಿಮ್ಮನ್ನ ನಂಬಲಿಲ್ವಲ್ಲಾ ರೀ" ಎಂದು ಸುಮಾ ಅತ್ತೇಬಿಟ್ಟಳು. ಅಂದಿನಿಂದ ಅವಳು ಎಷ್ಟು ನಂಬುತ್ತಾಳೆಂದರೆ, ನಾನು ಸೀನಿದರೂ ಆಸ್ಪತ್ರೆ ಫೈಲು ಬಗಲಿಗಿಟ್ಟುಕೊಂಡು ಆಟೋ ಬುಕ್ ಮಾಡುತ್ತಾಳೆ. ಮೊನ್ನೆ ಸೋಫಾದ ಕಾಲಿಗೆ ಕಿರುಬೆರಳು ಬಡಿದು ಕಣ್ಣಲ್ಲಿ ನೀರು ಬಂತು. "ಏನಾಯ್ತು ರೀ?" ಎಂದು ಅಡುಗೆಮನೆಯಿಂದ ಓಡಿಬಂದಳು.

"ಏನಿಲ್ಲ ಕಣೆ, ನಿನ್ನ ನೋಡಿ ಆನಂದಬಾಷ್ಪ" ಎಂದೆ.

ಅದೊಂದನ್ನು ಮಾತ್ರ ಅವಳು ನಂಬಲಿಲ್ಲ. ಐದೇ ನಿಮಿಷದಲ್ಲಿ ಆಟೋ ಬಂತು.