ಏಳನೇ ನಂಬರಿನ ಚಿತ್ರದಲ್ಲಿ ಇಲ್ಲದ ಕರು

ದೊಡ್ಡ ವಿಷಯಗಳಿಗೆ ಹಠ ಹಿಡಿದವರ ಹೆಸರನ್ನು ಸರ್ಕಲ್ಲುಗಳಿಗೆ ಇಡುತ್ತಾರೆ. ಸಣ್ಣ ವಿಷಯಗಳಿಗೆ ಹಠ ಹಿಡಿಯುವವರನ್ನು ಮನೆಯವರು ಸಹಿಸಿಕೊಳ್ಳುತ್ತಾರೆ, ಅಷ್ಟೇ. ನಾನು ಎರಡನೆಯ ಪಂಗಡದವನು. ಬಿಗಿಯಾಗಿ ಕೂತ ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಜೊತೆ ಇಡೀ ಭಾನುವಾರ ಗುದ್ದಾಡಿ, ಸಂಜೆ ಅದು ತೆರೆದಾಗ ಒಳಗಿನ ಉಪ್ಪಿನಕಾಯಿಯನ್ನು ಮುಟ್ಟದೆ ಎದ್ದು ಹೋದವನು. ನನಗೆ ಬೇಕಾಗಿದ್ದದ್ದು ಮುಚ್ಚಳ ತೆರೆಯುವುದು, ಉಪ್ಪಿನಕಾಯಿ ಅಲ್ಲ. ನನ್ನ ಹೆಂಡತಿ ಶಾಂತಾ ಈ ಗುಣವನ್ನು ಮೂವತ್ತು ವರ್ಷಗಳಿಂದ ಬಲ್ಲಳು. ಗದಗಿನಿಂದ ಯಲಹಂಕಕ್ಕೆ ಬಂದು ಇಷ್ಟು ವರ್ಷವಾದರೂ ಬೈಯುವಾಗ ಮಾತ್ರ ಅವಳಿಗೆ ಊರಿನ ಮಾತೇ ಆಗಬೇಕು: "ನಮ್ಮ ಲಗ್ನದಾಗ ನೀವು ನನ್ನ ಮಾರಿ ಸೈತ ನೋಡಲಿಲ್ರಿ. ಪೆಂಡಾಲಿನ ಖುರ್ಚಿ ಎಣಿಸ್ಕೋತ ಅಡ್ಡಾಡಿದ್ರಿ."

ಅವಳು ಹೇಳುವುದು ಸುಳ್ಳಲ್ಲ. ಖುರ್ಚಿ ಎಣಿಸುವುದೇ ನನ್ನ ಕಸುಬಾಗಿತ್ತು. ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ಅಲ್ಲಿ ಯಾವ ಸಮಾರಂಭವಾದರೂ ದೀಪದ ಕಂಬಕ್ಕೆ ಎಣ್ಣೆ, ಅತಿಥಿಗೆ ಹಾರ, ಮೈಕಿಗೆ ಹಲೋ ಹಲೋ ಎಲ್ಲ ನನ್ನದೇ. ನಿವೃತ್ತನಾದ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಲು ಜಾಗವಿಲ್ಲದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆಯ ಬಗ್ಗೆ ಸಲಹೆ ಕೊಡತೊಡಗಿದೆ. ಅದು ಎಷ್ಟು ಅಪಾಯದ ಕೆಲಸವೆಂದು ನಿವೃತ್ತರಿಗೆ ಗೊತ್ತು. ಹಾಗಾಗಿ ಪುಟ್ಟೇನಹಳ್ಳಿಯಲ್ಲಿ ಸುತ್ತಲಿನ ಕಲಾವಿದರೆಲ್ಲ ಸೇರಿ ಒಂದು ಆರ್ಟ್ ಗ್ಯಾಲರಿ ತೆರೆಯುತ್ತಿದ್ದಾರೆ, ಕಾರ್ಯಕ್ರಮ ನಡೆಸುವುದಕ್ಕೆ ಒಬ್ಬ ಕಾರ್ಯದರ್ಶಿ ಬೇಕಂತೆ ಎಂದು ಕೇಳಿದಾಗ ನಾನು ಓಡಿದೆ. ಚಿತ್ರಕಲೆಯ ಬಗ್ಗೆ ನಿಮಗೆ ಏನು ಗೊತ್ತು ಎಂದು ಅವರು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಗ್ಯಾಲರಿ ಇದ್ದದ್ದು ಚನ್ನಪ್ಪನವರ ಬಿಲ್ಡಿಂಗಿನ ನೆಲಮಹಡಿಯಲ್ಲಿ. ಚನ್ನಪ್ಪನವರು ಈ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಬಿಲ್ಡಿಂಗು ಬೆಳೆದಿದ್ದಾರೆ. ಮೊಮ್ಮಗಳು ಚಿತ್ರ ಬರೆಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜಾಗ ಕೊಟ್ಟಿದ್ದರು. ಯುಗಾದಿಯ ಮರುವಾರ ಹೋಮ ಮಾಡಿಸಿ, ದೀಪ ಹಚ್ಚಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ನೋಡಿ ಪಾಟೀಲ್ ಸಾರ್, ಒಂದ್ ವರ್ಸ ಟೈಮು. ನಮ್ಮೂರೋರು ತಾವಾಗ್ ತಾವೇ ಒಳೀಕ್ ಬಂದು ಪಟ ನೋಡ್ಬೇಕು. ತಿಂಡಿಗ್ ಬಂದೋರು ಲೆಕ್ಕಕ್ಕಿಲ್ಲ. ಇಲ್ದಿದ್ರೆ ಬರೋ ಯುಗಾದಿಗೆ ಟೈಲ್ಸ್ ಅಂಗ್ಡಿಯೋರ್ಗೆ ಕೊಟ್ಬುಡ್ತೀನಿ. ಬೇಜಾರ್ ಮಾಡ್ಕೋಬಾರ್ದು."

ಇಷ್ಟು ಸಾಕಾಯಿತು, ನನಗೆ ಹಠ ಹತ್ತಿತು. ಊರಿನವರು ಬಂದು ಚಿತ್ರ ನೋಡದಿದ್ದರೆ ನಾನು ಪಾಟೀಲನೇ ಅಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಮತ್ತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುವ ಭಯವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೊದಲನೆಯ ಪ್ರದರ್ಶನಕ್ಕೆ ಜನವೋ ಜನ. ಭಾಷಣ ಮುಗಿಯಿತು, ಕೇಸರಿಬಾತು ಮುಗಿಯಿತು, ಜನವೂ ಮುಗಿಯಿತು. ಗೋಡೆಯ ಮೇಲಿದ್ದ ಚಿತ್ರಗಳಿಗೆ ಎಲ್ಲರೂ ಬೆನ್ನು ಕೊಟ್ಟು ನಿಂತೇ ತಿಂದಿದ್ದರು. ಅಭಿಪ್ರಾಯ ಬರೆಯಲೆಂದು ಇಟ್ಟಿದ್ದ ಪುಸ್ತಕದಲ್ಲಿ ಒಬ್ಬರು 'ತುಂಬಾ ಚೆನ್ನಾಗಿತ್ತು, ತುಪ್ಪ ಇನ್ನೊಂದು ಚೂರು ಬೇಕಿತ್ತು' ಎಂದು ಬರೆದಿದ್ದರು. ಎರಡನೆಯ ಪ್ರದರ್ಶನಕ್ಕೆ ನಾನು ಉಪಾಯ ಮಾಡಿ ತಿಂಡಿಯ ಮೇಜನ್ನು ಹಾಲಿನ ಕಟ್ಟಕಡೆಗೆ ಇಡಿಸಿದೆ. ತಿಂಡಿ ಬೇಕಾದರೆ ಇಪ್ಪತ್ತೆರಡು ಚಿತ್ರಗಳನ್ನು ದಾಟಿಯೇ ಹೋಗಬೇಕು. ಜನ ದಾಟಿದರು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಹಾಗೆ, ಮುಂದಿನವರ ತಲೆಯ ಮೇಲಿಂದ ಮೇಜನ್ನೇ ನೋಡುತ್ತ ದಾಟಿದರು. ಮೂರನೆಯದಕ್ಕೆ ತಿಂಡಿಯನ್ನೇ ನಿಲ್ಲಿಸಿದೆ. ಕಲಾವಿದರೊಬ್ಬರು, ಅವರ ಅತ್ತೆ, ನಾನು, ಮೈಕಿನವನು ನಾಲ್ವರೇ ದೀಪ ಬೆಳಗಿದೆವು.

ಆಮೇಲೆ ಚಪ್ಪಲಿಯ ಸಮಸ್ಯೆ. ಮೊದಲ ದಿನ ಹೋಮ ನಡೆದದ್ದರಿಂದ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟಿದ್ದರು. ಅದೇ ರೂಢಿಯಾಯಿತು. ಬೀದಿನಾಯಿಗಳಿಗೆ ಇದು ಗೊತ್ತಾಗಿ, ಒಳಗೆ ಕಲೆ ನೋಡಿ ಬಂದವರು ಹೊರಗೆ ಒಂದೇ ಕಾಲಿನ ಚಪ್ಪಲಿ ನೋಡುವಂತಾಯಿತು. ನಾನು ದೊಡ್ಡ ಅಕ್ಷರದಲ್ಲಿ 'ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ' ಎಂದು ಬೋರ್ಡು ಹಾಕಿಸಿದೆ. ಹುಟ್ಟಿದಾರಭ್ಯ ನಮ್ಮ ಜನ ಚಪ್ಪಲಿಯ ಬಗ್ಗೆ ನೋಡಿರುವ ಬೋರ್ಡುಗಳೆಲ್ಲ ಬಿಡಿ ಎಂದೇ ಹೇಳುತ್ತವೆ. ಹೀಗಾಗಿ ಅದುವರೆಗೆ ಹಾಕಿಕೊಂಡು ಬರುತ್ತಿದ್ದ ಒಬ್ಬಿಬ್ಬರೂ ಬೋರ್ಡು ಕಂಡ ಕೂಡಲೇ ಬಿಡತೊಡಗಿದರು. ಉಳಿದವರು ಗಾಜಿನ ಬಾಗಿಲಿನ ಹೊರಗೇ ನಿಂತು, ಇದು ಯಾವ ಸ್ವಾಮಿಯ ಮಠವೋ ಎಂಬಂತೆ ಒಮ್ಮೆ ಕೈ ಮುಗಿದು ಹೋಗುತ್ತಿದ್ದರು.

ಆದರೂ ನಾನು ಬಿಡಲಿಲ್ಲ. ಬೇಸಿಗೆಯಲ್ಲಿ ಮಕ್ಕಳ ಶಿಬಿರ ಮಾಡಿದೆ. ಮಕ್ಕಳನ್ನು ಬಿಡಲು ಬಂದ ತಾಯಂದಿರು ಸ್ಕೂಟರಿನಿಂದ ಇಳಿಯದೆಯೇ ಬಿಟ್ಟರು, ಇಳಿಯದೆಯೇ ಹತ್ತಿಸಿಕೊಂಡರು. ಮಳೆಗಾಲದಲ್ಲಿ ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳ ಫೋಟೋ ಪ್ರದರ್ಶನ ಇಟ್ಟೆ. ಕೆರೆಯ ಸುತ್ತ ವಾಕಿಂಗ್ ಮಾಡುವ ಹಿರಿಯರೊಬ್ಬರನ್ನು ಕೈ ಹಿಡಿದು ಕರೆದೆ. "ಅಯ್ಯೋ, ಈಗ್ ತಾನೇ ಒರಿಜಿನಲ್ ನೋಡ್ಕೊಂಡ್ ಬರ್ತಿದೀನಿ ಬಿಡಿ" ಎಂದು ಕೈ ಬಿಡಿಸಿಕೊಂಡರು. ಗಣೇಶನ ಹಬ್ಬಕ್ಕೆ ಮುಂಚೆ ಜೇಡಿಮಣ್ಣಿನ ಶಿಲ್ಪಗಳನ್ನಿಟ್ಟರೆ ಜನ ನಿಜವಾಗಿಯೂ ಒಳಗೆ ಬಂದರು! ನನಗೆ ಆನಂದಬಾಷ್ಪ ಬರುವುದೊಂದು ಬಾಕಿ. ಎಲ್ಲರೂ ಕೇಳಿದ್ದು ಒಂದೇ ಮಾತು: "ಗಣೇಶ ಎಲ್ಲಿಟ್ಟಿದೀರಾ?" ಇಲ್ಲವೆಂದೊಡನೆ ಹೊರಟರು. ಆಯುಧಪೂಜೆಯ ದಿನ ಚನ್ನಪ್ಪನವರು ನಮ್ಮ ಬಾಗಿಲಿಗೂ ಬೂದುಗುಂಬಳ ಒಡೆಸಿದರು. ಅದರ ಮೇಲೆ ಜಾರಿಬಿದ್ದು ಒಬ್ಬ ವಿಮರ್ಶಕರು ಆ ತಿಂಗಳ ಪ್ರದರ್ಶನವನ್ನು ನೋಡದೆಯೇ ಆಟೋ ಹತ್ತಿದರು. ನವೆಂಬರಿನಲ್ಲಿ ಆರ್ಕೆಸ್ಟ್ರಾ ಇಟ್ಟೆ. ಅದರ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಇಷ್ಟೆಲ್ಲದರ ನಡುವೆ ನನಗೆ ದಿನವೂ ಕಿರಿಕಿರಿ ಮಾಡುತ್ತಿದ್ದವಳು ಮುನಿತಾಯಮ್ಮ. ರಾಜಾನುಕುಂಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಸೊಪ್ಪಿನ ಬುಟ್ಟಿ ಹೊತ್ತು ಬಂದು ನಮ್ಮ ಮೆಟ್ಟಿಲ ಮೇಲೇ ಅಂಗಡಿ ಹರಡುತ್ತಿದ್ದಳು. ಸೊಪ್ಪಿಗೆ ನೀರು ಚಿಮುಕಿಸಿ ಚಿಮುಕಿಸಿ ನನ್ನ ಮೆಟ್ಟಿಲೆಲ್ಲ ರಾಡಿ. ಮೊದಲ ತಿಂಗಳು ಒಂದು ದಿನ ಬಿಸಿಲು ತಾಳಲಾರದೆ ಬುಟ್ಟಿ ಸಮೇತ ಬಾಗಿಲೊಳಗೆ ಕಾಲಿಟ್ಟಾಗ ನಾನು ಹೌಹಾರಿ, "ಒಳಗೆಲ್ಲ ಬರಬಾರದಮ್ಮ, ನೆಲ ಒದ್ದೆಯಾಗುತ್ತೆ" ಎಂದು ಹೊರಗೆ ಕಳಿಸಿದ್ದೆ. ಆಮೇಲೆ ಅವಳು ಬರಲಿಲ್ಲ. ನಾನು ಅವಳನ್ನು ದಾಟಿಕೊಂಡು ಬೀದಿಗಿಳಿದು, ಹೋಗಿಬರುವವರನ್ನೆಲ್ಲ ಒಳಗೆ ಬನ್ನಿ ಒಳಗೆ ಬನ್ನಿ ಎಂದು ಕರೆಯುತ್ತಿದ್ದೆ.

ವರ್ಷದ ಕೊನೆಯ ಪ್ರದರ್ಶನ ಬಂತು. ಆರ್.ಟಿ. ನಗರದ ಫ್ಲಾಟಿನಲ್ಲಿರುವ ಸುಷ್ಮಾ ಎಂಬ ಹುಡುಗಿಯ ಹಳ್ಳಿ ಬದುಕಿನ ಚಿತ್ರಗಳು. ನಾನು ಎಂದಿನಂತೆ ನೂಲು ಹಿಡಿದು, ಮಟ್ಟ ನೋಡಿ, ಮೊಳೆ ಹೊಡೆಸಿ, ಒಂದರಿಂದ ಹದಿನೆಂಟರವರೆಗೆ ನಂಬರು ಅಂಟಿಸಿದೆ. ಮೂರನೆಯ ದಿನ ಟೈಲ್ಸ್ ಅಂಗಡಿಯವರೊಬ್ಬರು ಬಂದು ಟೇಪು ಹಿಡಿದು ನಮ್ಮ ಗ್ಯಾಲರಿಯನ್ನು ಅಳೆಯತೊಡಗಿದರು. ಚಿತ್ರಗಳ ಮೇಲೆ ಟೇಪು ತಾಗದಂತೆ ನೋಡಿಕೊಳ್ಳುತ್ತ ಅವರ ಹಿಂದೆ ಹಿಂದೆ ಓಡಾಡಿದೆ. ಹಠವಾದಿಗಳಿಗೆ ಅಳು ಬರುವುದಿಲ್ಲ ಎಂದು ಯಾರು ಹೇಳಿದರೋ.

ಅವರು ಹೋದ ಮೇಲೆ ಮೆಟ್ಟಿಲ ಮೇಲೆ ಬಂದು ನಿಂತೆ. ಮುನಿತಾಯಮ್ಮ ಗಾಜಿನ ಬಾಗಿಲಿನೊಳಕ್ಕೆ ಬೆರಳು ತೋರಿಸಿ ಕೇಳಿದಳು:

"ಸಾಮಿ, ಮೂರ್ ದಿನದಿಂದ ನೋಡ್ತಾ ಇವ್ನಿ. ಆ ಅಸಿನ ಕರ ಎಲ್ಲೋಯ್ತು?"

"ಯಾವ ಹಸುವಮ್ಮ?" ಎಂದೆ.

"ಅಯ್ಯೋ ಶಿವನೆ, ಅಗಾ, ಎದುರ್ಗೇ ಐತಲ್ಲ! ನೀವೇ ತಾನೆ ನೇತಾಕಿದ್ದು?"

ತಿರುಗಿ ನೋಡಿದೆ. ಬಾಗಿಲಿಗೆ ಎದುರಾಗಿ ಏಳನೇ ನಂಬರು. ಅದರಲ್ಲಿ ಒಬ್ಬ ಹೆಂಗಸು ಹಾಲು ಕರೆಯುತ್ತಿದ್ದಳು. ಅದು ಹಸು ಎಂದು ನನಗೆ ಗೊತ್ತಾದದ್ದು ಆಗಲೇ. ಎರಡೂವರೆ ಅಡಿ ಅಗಲ, ಭಾರ ಜಾಸ್ತಿ, ಎರಡು ಮೊಳೆ ಬೇಕು ಎಂಬಷ್ಟು ಮಾತ್ರ ಗೊತ್ತಿತ್ತು.

"ಒಳಗೆ ಬಂದು ತೋರಿಸಮ್ಮ" ಎಂದೆ.

"ನೀವೇ ಬರ್ಬ್ಯಾಡ ಅಂದಿದ್ರಲ್ಲ ಸಾಮಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಊರಿನವರೊಬ್ಬರು ಒಳಗೆ ಬರಲಿ ಎಂದು ವರ್ಷವಿಡೀ ಬೀದಿಯಲ್ಲಿ ನಿಂತು ಕೂಗಿದವನು, ತಾನಾಗಿ ಬಂದ ಒಬ್ಬಳೇ ಒಬ್ಬಳನ್ನು ಮೊದಲ ತಿಂಗಳೇ ಓಡಿಸಿದ್ದೆ. ತಪ್ಪಾಯಿತು ಬಾರಮ್ಮ ಎಂದು ನಾನೇ ಬಾಗಿಲು ಹಿಡಿದು ನಿಂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದು ಚಿತ್ರದ ಮುಂದೆ ನಿಂತಳು.

"ನಾಟಿ ಅಸ ಇದು. ಬೆನ್ ಮ್ಯಾಲೆ ಡುಬ್ಬ ನೋಡಿ. ಕರ ಮುಂದೆ ಕಟ್ದೆ ಇದು ಒಂದ್ ತೊಟ್ಟೂ ಆಲು ಬಿಡಾಕಿಲ್ಲ. ಈ ಯಮ್ಮ ಅದೆಂಗ್ ಕರೀತಾವ್ಳೋ ಕಾಣೆ!"

ಮಾರನೆಯ ದಿನ ಅವಳ ಜೊತೆಗೆ ಹಾಲಿನ ಡೈರಿಗೆ ಹೋಗುವ ಇಬ್ಬರು ಯಜಮಾನರು ಬಂದರು. ಒಬ್ಬರು ಇದು ಸೀಮೆಹಸು, ಕರು ಇಲ್ಲದಿದ್ದರೂ ಕೊಡುತ್ತದೆ ಎಂದರು. ಇನ್ನೊಬ್ಬರು ಡುಬ್ಬ ಇರುವ ಸೀಮೆಹಸುವನ್ನು ನಿಮ್ಮಪ್ಪ ನೋಡಿದ್ದನಾ ಎಂದರು. ಸಂಜೆಗೆ ಏಳು ಜನ. ಅದರ ಮಾರನೆಯ ದಿನ ಕಾಲಿಡಲು ಜಾಗವಿಲ್ಲ. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಕಿಬ್ಬದಿ, ಕೆಚ್ಚಲು, ಕೊಂಬು ಎಲ್ಲದರ ವಿಮರ್ಶೆ. ಏಳನೆಯದನ್ನು ಮುಗಿಸಿ ಜನ ಎಂಟಕ್ಕೆ ಹೋದರು, ಒಂಬತ್ತರಲ್ಲಿ ರಾಗಿ ತೆನೆಯ ಬಣ್ಣಕ್ಕೆ ತಕರಾರು ತೆಗೆದರು. ತಿಂಡಿಯ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಹಿಂದಿನ ಕೋಣೆಗೆ ಹೋಗಿ ಸುಷ್ಮಾಗೆ ಫೋನ್ ಮಾಡಿದೆ. ಏನಮ್ಮ, ಕರುವನ್ನು ಬಿಟ್ಟದ್ದರಲ್ಲಿ ಏನಾದರೂ ಗೂಢಾರ್ಥವಿದೆಯೇ ಎಂದು ಕೇಳಿದೆ. ಅವಳು ಪಿಸುದನಿಯಲ್ಲಿ, "ಸರ್, ಯಾರಿಗೂ ಹೇಳ್ಬೇಡಿ. ಕರು ಬರೆದಿದ್ದೆ. ಕಾಲು ನಾಲ್ಕೂ ಸೊಟ್ಟ ಬಂತು. ಅದರ ಮೇಲೆ ಹುಲ್ಲು ಬರೆದ್ಬಿಟ್ಟೆ ಸರ್" ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನಿಮಗೆ ಹೇಳಿದ್ದು ಲೆಕ್ಕಕ್ಕಿಲ್ಲ.

ಹೊರಗೆ ಬಂದರೆ ಚನ್ನಪ್ಪನವರು ನಿಂತಿದ್ದರು. ಬಿಲ್ಡಿಂಗಿನ ಮುಂದೆ ಜನ ಸೇರಿದ್ದು ಕಂಡು ಏನೋ ಗಲಾಟೆಯಾಗಿದೆ ಎಂದು ಓಡಿಬಂದಿದ್ದರಂತೆ. ಹೋಮದ ದಿನ ಬಿಟ್ಟರೆ ವರ್ಷವಿಡೀ ಅವರು ಬಾಗಿಲ ಬಳಿ ಖುರ್ಚಿ ಹಾಕಿಸಿಕೊಂಡು ಕೂತು ಹೋದವರೇ, ಒಳಗೆ ಬಂದವರಲ್ಲ. ಗುಂಪು ಅವರಿಗೆ ದಾರಿ ಬಿಟ್ಟಿತು. ನಾಟಿಯೋ ಸೀಮೆಯೋ ನೀವೇ ಹೇಳಿ ಎಂದು ಯಜಮಾನರು ಪಟ್ಟು ಹಿಡಿದರು. ಚನ್ನಪ್ಪನವರು ಚಿತ್ರವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನಾಟೀನೇ," ಎಂದರು. "ಕರ ಸತ್ತೋಗದೆ."

ಯಜಮಾನರಿಬ್ಬರೂ ಚಿತ್ರದ ಹತ್ತಿರಕ್ಕೆ ಬಗ್ಗಿದರು.

"ಆ ಯಮ್ಮನ್ ಬಾಯ್ ನೋಡ್ರಲಾ. ಮಾತಾಡ್ತಾ ಅವ್ಳೆ. ಕರ ಸತ್ರೆ ನಮ್ಮವ್ವ ಇಂಗೇ ಅಸಿನ ಅತ್ರ ಮಾತಾಡ್ಕಂಡ್, ಮೈ ಸವರ್ಕಂಡ್ ಕರೀತಿದ್ಲು. ಬ್ಯಾರೆ ಯಾರ್ ಕೂತ್ರೂ ಒದೀತಿತ್ತು."

ನಾನು ನೋಡಿದೆ. ಹೌದು, ಆ ಹೆಂಗಸಿನ ತುಟಿ ಚೂರು ತೆರೆದಿತ್ತು. ಸೊಟ್ಟ ಕಾಲಿನ ಸಂಗತಿ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಮುನಿತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಅದೇ ಮತ್ತೆ, ನಂಗೂ ಅನ್ನುಸ್ತು" ಎಂದಳು.

ಹೊರಡುವಾಗ ಚನ್ನಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟು, "ಟೈಲ್ಸ್‌ನೋರ್ಗೆ ಬ್ಯಾರೆ ಜಾಗ ತೋರುಸ್ತೀನಿ, ಬುಡಿ" ಎಂದರು. ನನ್ನ ಕಣ್ಣು ನಿಜವಾಗಿಯೂ ತುಂಬಿ ಬಂತು. ಆಗ ಅವರು ಕೇಳಬಾರದ ಒಂದು ಪ್ರಶ್ನೆ ಕೇಳಿದರು: "ಅಲ್ಲಾ ಸಾರ್, ವರ್ಸೆಲ್ಲಾ ಇಲ್ಲೇ ಇದ್ರಿ. ಇದುವರ್ಗೂ ನೇತಾಕಿದ್ರಲ್ಲಿ ನಿಮ್ಗೆ ಯಾವ್ ಪಟ ಇಷ್ಟ ಆಯ್ತು?"

ನಾನು ಬಾಯಿ ತೆರೆದೆ. ಯಾವ ಪ್ರದರ್ಶನಕ್ಕೆ ಎಷ್ಟು ಖುರ್ಚಿ, ಯಾವ ಗೋಡೆಗೆ ಎಷ್ಟು ಮೊಳೆ ಎಲ್ಲ ನೆನಪಿಗೆ ಬಂತು. ಒಂದೇ ಒಂದು ಚಿತ್ರ ಬರಲಿಲ್ಲ. "ಏಳನೇ ನಂಬರು" ಎಂದು ಹೇಳಿ ಬಚಾವಾದೆ. ಮನೆಗೆ ಬಂದು ಶಾಂತಾಳಿಗೆ ಹೇಳಿದೆ. ಅವಳು ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋದ ಕಡೆಗೆ ಒಮ್ಮೆ ನೋಡಿ, ಸಾರು ಬಡಿಸಿದಳು.

ಮರುದಿನ ನನಗೆ ಹೊಸ ಹಠ. ಇವತ್ತು ಚಿತ್ರ ನೋಡಿಯೇ ಬಿಡಬೇಕು. ಯಾರೂ ಬರುವ ಮೊದಲೇ ಹೋಗಿ ಬಾಗಿಲು ತೆರೆದೆ. ಯಾಕೋ ಏನೋ, ನನ್ನದೇ ಬೋರ್ಡಿನ ಕೆಳಗೆ ಚಪ್ಪಲಿ ಬಿಟ್ಟೆ. ಏಳನೇ ನಂಬರಿನ ಮುಂದೆ ಕೈ ಕಟ್ಟಿಕೊಂಡು ನಿಂತೆ. ಹೆಂಗಸು, ಹಸು, ಹುಲ್ಲಿನ ರಾಶಿ, ಚೂರು ತೆರೆದ ತುಟಿ. ಅರ್ಧ ನಿಮಿಷ ಆಗಿರಬಹುದು. ಚೌಕಟ್ಟು ಎಡಕ್ಕೆ ಒಂದು ಎಳೆಯಷ್ಟು ವಾಲಿದ್ದು ಕಂಡಿತು. ಸರಿ ಮಾಡೋಣವೆಂದು ಕೈ ಎತ್ತಿದೆ.

ಮೆಟ್ಟಿಲ ಮೇಲೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಮುನಿತಾಯಮ್ಮ ಅಲ್ಲಿಂದಲೇ ಕೂಗಿದಳು: "ಮುಟ್ಬ್ಯಾಡಿ ಸಾಮಿ! ಸುಮ್ಕೆ ನಿಂತ್ಕಂಡು ನೋಡಿ."