ಕ್ಯಾಲ್ಕುಲೇಟರಿಗೆ ಕುಂಕುಮವಿಟ್ಟ ಕತೆ

ನಾನು ಮದ್ದೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ವೃತ್ತಿ. ನಾನೇ ಒಂದನ್ನು ಪೂರ್ತಿಯಾಗಿ ಬರೆದು ಮುಗಿಸುವ ಪ್ರಸಂಗ ಅಲ್ಲಿಯವರೆಗೆ ಬಂದಿರಲಿಲ್ಲ. ಆದ್ದರಿಂದ ಆತ್ಮವಿಶ್ವಾಸಕ್ಕೆ ಯಾವ ಕೊರತೆಯೂ ಇರಲಿಲ್ಲ!

ನನ್ನ ಹೆಂಡತಿ ಸುಧಾ ಹಲಗೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮಳವಳ್ಳಿಯಲ್ಲಿ ನಡೆಯುವ ಗಣಿತ ಶಿಕ್ಷಕರ ಕಾರ್ಯಾಗಾರದಲ್ಲಿ ಮಾದರಿ ಪಾಠ ಮಾಡಲು ಆಕೆಗೆ ಅವಕಾಶ ಬಂತು. ಪಾಠ ಮೆಚ್ಚುಗೆಯಾದರೆ ತಾಲ್ಲೂಕಿನ ಶಿಕ್ಷಕರಿಗೆಲ್ಲ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಯಾಗಬಹುದು. ಅದು ಆಕೆಯ ಬಹುದಿನದ ಆಸೆ.

ಆಕೆಯ ಹತ್ತಿರ ಒಂದು ಗ್ರಾಫ್ ಕ್ಯಾಲ್ಕುಲೇಟರ್ ಇದೆ. ಹಳೆಯ ಗಣಿತ ಮೇಷ್ಟ್ರೊಬ್ಬರು ನಿವೃತ್ತರಾಗುವಾಗ ಪ್ರೀತಿಯಿಂದ ಕೊಟ್ಟದ್ದು. ಸಮೀಕರಣ ಒತ್ತಿದರೆ ಅದರ ನಕ್ಷೆಯನ್ನೇ ಬರೆದು ತೋರಿಸುತ್ತದೆ. ತೊಂದರೆ ಏನೆಂದರೆ, ಪರದೆ ಒಂದು ಬಿಸ್ಕತ್ತಿನಷ್ಟಿದೆ. ಕೋಣೆಯ ತುಂಬ ಕೂತ ಮೇಷ್ಟ್ರುಗಳು ಒಂದು ಬಿಸ್ಕತ್ತನ್ನು ನೋಡುವುದು ಹೇಗೆ? ಕಂಪ್ಯೂಟರಿಗೆ ಜೋಡಿಸಿ ಗೋಡೆಯ ಮೇಲೆ ತೋರಿಸೋಣವೆಂದರೆ, ಜೊತೆಗೆ ಬಂದ ಹಳೆಯ ಸಾಫ್ಟ್‌ವೇರ್ ನಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯಲೇ ಇಲ್ಲ.

"ಅಷ್ಟೇ ತಾನೆ? ನಾನೇ ಬರ್ದುಕೊಡ್ತೀನಿ ಬುಡು," ಎಂದೆ.

"ಬ್ಯಾಡಿ ಕಣ್ರೀ. ನಾನು ಬೋರ್ಡ್ ಮೇಲೇ ಬರ್ಕತೀನಿ."

"ಮನೇಲಿ ಕಂಪ್ಯೂಟರ್ ಮೇಷ್ಟ್ರನ್ನ ಇಟ್ಕೊಂಡು ಸೀಮೆಸುಣ್ಣ ಹಿಡೀತೀಯಾ? ಜನ ಏನಂದಾರು?"

ಜನ ಏನೂ ಅನ್ನುತ್ತಿರಲಿಲ್ಲ. ಅದು ಈಗ ತಿಳಿಯುತ್ತದೆ.

ಕೆಲಸ ಶುರುವಾಯಿತು. ಎರಡು ಯಂತ್ರಗಳನ್ನು ಮಾತಾಡಿಸುವುದೆಂದರೆ ಹೊಸ ಬೀಗರನ್ನು ಮಾತಾಡಿಸಿದ ಹಾಗೆ. ಒಂದು "ಕಳಿಸಲೇ?" ಎನ್ನಬೇಕು, ಇನ್ನೊಂದು "ಕಳಿಸಿ" ಎನ್ನಬೇಕು, ಬಂದದ್ದಕ್ಕೆ "ಬಂತು" ಎಂದು ಹೇಳಬೇಕು. ನನ್ನ ಮೊದಲ ಪ್ರೋಗ್ರಾಮಿನಲ್ಲಿ ಎರಡೂ ಒಟ್ಟಿಗೆ ಮಾತಾಡಿ, ಎರಡೂ ಒಟ್ಟಿಗೆ ಮುನಿಸಿಕೊಂಡವು. ತಿದ್ದಿದೆ. ಆಮೇಲೆ ನಕ್ಷೆ ಬಂತು, ತಲೆಕೆಳಗಾಗಿ! ಬಟ್ಟಲಿನಂತೆ ಕಾಣಬೇಕಾದ ಪರವಲಯ ಬೋರಲು ಹಾಕಿದ ಬಟ್ಟಲಾಗಿ ಕೂತಿತ್ತು. ಕೆಲವು ದಿನ ಲ್ಯಾಪ್‌ಟಾಪನ್ನೇ ತಿರುಗಿಸಿ ಹಿಡಿದು ನೋಡಿದ್ದೂ ಉಂಟು. ಕಡೆಗೊಂದು ಶನಿವಾರ ನಕ್ಷೆ ನೆಟ್ಟಗೆ, ಚೊಕ್ಕವಾಗಿ ಪರದೆಯ ತುಂಬ ಬಂದು ನಿಂತಿತು. ನಾನು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿದ್ದ ಅವ್ವ ಸೌಟು ಹಿಡಿದೇ ಓಡಿಬಂದಳು.

"ಏನ್ಲಾ ಇದು, ಉಯ್ಯಾಲೆ ಇದ್ದಂಗದೆ?"

"ಪರವಲಯ ಕಣವ್ವ! ನಾನೇ ತರಿಸಿದ್ದು."

"ಚಂದಾಗದೆ. ಯಾರ್ದಾದ್ರೂ ಕಣ್ ಬಿದ್ದಾತು, ಮೊದ್ಲು ಪೂಜೆ ಮಾಡ್ಬುಡು."

ನಮ್ಮ ಮನೆಯಲ್ಲಿ ಪಂಪ್‌ಸೆಟ್ಟಿನಿಂದ ಮಿಕ್ಸಿಯವರೆಗೆ ಎಲ್ಲದಕ್ಕೂ ಕುಂಕುಮವಿದೆ. ಕ್ಯಾಲ್ಕುಲೇಟರ್ ಮಾಡಿದ ಪಾಪವೇನು? ಅರಿಶಿನ ಕುಂಕುಮವನ್ನು ನೀರಲ್ಲಿ ಕಲೆಸಿ ತಂದೆ. ಲ್ಯಾಪ್‌ಟಾಪಿನ ಯಾವ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕೆಂದು ತಿಳಿಯದೆ ಅದನ್ನು ಕೈಬಿಟ್ಟೆ. ಕ್ಯಾಲ್ಕುಲೇಟರಿನ ಗುಂಡಿಗಳ ಮೇಲೆ ಹಚ್ಚಿದರೆ ಅಂಕಿ ಮುಚ್ಚಿಹೋಗುತ್ತದೆ, ಪರದೆಗೆ ಹಚ್ಚಿದರೆ ಸುಧಾ ಬೈಯುತ್ತಾಳೆ. ಬಹಳ ಯೋಚಿಸಿ, ಕೆಳತುದಿಯಲ್ಲಿದ್ದ ಒಂದು ಪುಟ್ಟ ದುಂಡು ತೂತನ್ನು ಆರಿಸಿಕೊಂಡೆ. ಹಣೆಯಂತೆಯೇ ಹೇಳಿ ಮಾಡಿಸಿದ ಜಾಗ! ಹೆಬ್ಬೆರಳಿನಿಂದ ಭಕ್ತಿಯಾಗಿ ಒತ್ತಿದೆ.

ಕೇಬಲ್ ಸಿಕ್ಕಿಸುವ ತೂತು ಅದು.

ಮಾರನೆಯ ದಿನ ಜೋಡಿಸಿದರೆ ಕ್ಯಾಲ್ಕುಲೇಟರ್ ಮೌನವ್ರತ ಹಿಡಿದಿತ್ತು. ಕುಂಕುಮದ ಸಂಗತಿ ನನ್ನ ತಲೆಗೇ ಬರಲಿಲ್ಲ. ದೇವರ ಕೆಲಸದಿಂದ ಕೆಡುಕಾಗುವುದುಂಟೆ? ತಪ್ಪು ಪ್ರೋಗ್ರಾಮಿನಲ್ಲೇ ಇದೆ ಎಂದು ತೀರ್ಮಾನಿಸಿ, ಸರಿಯಾಗಿದ್ದ ಪ್ರೋಗ್ರಾಮನ್ನು ತಿದ್ದತೊಡಗಿದೆ. ದಿನಕ್ಕೊಂದು ಕಡೆ ಬಿಚ್ಚಿದೆ, ಬಿಚ್ಚಿದ ಕಡೆ ತೇಪೆ ಹಾಕಿದೆ.

"ವೈರು ಗೀರು ಸರಿಯಾಗದಾ ನೋಡಿದ್ರಾ?" ಎಂದು ಸುಧಾ ಕೇಳಿದಳು.

"ಇದು ಸಾಫ್ಟ್‌ವೇರ್ ಮಟ್ಟದ ಸಮಸ್ಯೆ. ನಿಂಗೆ ಗೊತ್ತಾಗಲ್ಲ," ಎಂದು ಗಂಭೀರವಾಗಿ ಹೇಳಿದೆ.

ಸಿಟ್ಟು ಏರುತ್ತಾ ಹೋಯಿತು. ಕೇಳಿದಾಗ ಕ್ಯಾಲ್ಕುಲೇಟರ್ ಉತ್ತರ ಕೊಡದಿದ್ದರೆ ಪರದೆಯ ಮೇಲೆ "ಸಂಪರ್ಕ ಸಿಗಲಿಲ್ಲ" ಎಂದು ಬರುತ್ತಿತ್ತು. ಇಷ್ಟು ಮರ್ಯಾದೆ ಇದಕ್ಕೇಕೆ ಎನ್ನಿಸಿತು. ನಾನು ಬಾಯಲ್ಲಿ ಬೈಯುತ್ತಿದ್ದುದನ್ನೇ ಆ ಜಾಗದಲ್ಲಿ, ಸಲಕ್ಕೊಂದು ಬೈಗುಳದಂತೆ, ದೊಡ್ಡ ಅಕ್ಷರಗಳಲ್ಲಿ ಟೈಪು ಮಾಡಿಟ್ಟೆ. ಮನಸ್ಸಿಗೆ ಬಹಳ ಹಗುರವಾಯಿತು.

ಕಾರ್ಯಾಗಾರದ ಹಿಂದಿನ ಸಂಜೆ ಸುಧಾ ತಾಳ್ಮೆಗೆಟ್ಟು ಕ್ಯಾಲ್ಕುಲೇಟರನ್ನು ಕಿತ್ತುಕೊಂಡು, ತಲೆಯ ಪಿನ್ನು ತೆಗೆದು ತೂತಿನೊಳಗೆ ಕೆದಕಿದಳು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು.

"ಇದೇನ್ರೀ? ಇದಕ್ಕೆ ಮುತ್ತೈದೆತನ ಕೊಟ್ಟಿದ್ದೀರಾ?"

ನಾನು ಕಿಟಕಿಯ ಕಡೆ ನೋಡಿದೆ. ಅವ್ವ ಮಾತ್ರ, "ಒಳಿಕ್ಕೂ ಓಗ್ಬುಟ್ಟದಾ? ಒಳ್ಳೇದೇ ಆಯ್ತು ಬುಡು," ಎಂದಳು.

ಈಗ ತೂತು ಚೊಕ್ಕ. ಆದರೆ ಸರಿಯಾಗಿದ್ದ ಪ್ರೋಗ್ರಾಮು ಎಲ್ಲಿದೆ? ಅದರ ಒಂದು ಪ್ರತಿ ಎತ್ತಿಡಬೇಕೆಂದು ಕಾಲೇಜಿನಲ್ಲಿ ವರ್ಷವೆಲ್ಲ ಬೋಧಿಸುವ ನಾನು ಎತ್ತಿಟ್ಟಿರಲಿಲ್ಲ! ಇದ್ದದ್ದಕ್ಕೇ ಕೈ ಹಾಕಿದೆ. ನಕ್ಷೆ ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. "ಬತ್ತದೆ, ಬತ್ತದೆ, ಯೋಚ್ನೆ ಮಾಡಬ್ಯಾಡ," ಎಂದೆ. ಬೈಗುಳಗಳ ನೆನಪೂ ಬಂತು. ಆದರೆ ಪ್ರೋಗ್ರಾಮು ಕೆಲಸ ಮಾಡಿದರೆ ಅವು ಕಾಣುವುದೇ ಇಲ್ಲವಲ್ಲ, ಅಳಿಸುವುದೇಕೆ ಎಂದುಕೊಂಡು ಮಲಗಿದೆ.

ಮಳವಳ್ಳಿ. ಕೋಣೆಯ ತುಂಬ ತಾಲ್ಲೂಕಿನ ಗಣಿತ ಮೇಷ್ಟ್ರುಗಳು. ಮುಂದಿನ ಸಾಲಿನಲ್ಲಿ ಶಿಕ್ಷಣಾಧಿಕಾರಿಗಳು. ತಾಂತ್ರಿಕ ತಜ್ಞನ ಗತ್ತಿನಲ್ಲಿ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಗುಂಡಿ ಒತ್ತಿದೆ. ಕ್ಯಾಲ್ಕುಲೇಟರ್ ಯೋಚಿಸತೊಡಗಿತು. ಯೋಚಿಸುತ್ತಲೇ ಇತ್ತು. ಹೊತ್ತು ಕಳೆಯಲೆಂದು ಸುಧಾ, "ಅಷ್ಟರಲ್ಲಿ ಸಾಹೇಬ್ರು ಒಂದೆರಡು ಮಾತಾಡ್ಬೇಕು," ಎಂದಳು. ಅಧಿಕಾರಿಗಳು ಎದ್ದು, ಗೋಡೆಯ ಮುಂದೆ ನಿಂತು, ಕೈಜೋಡಿಸಿ, ಗಂಟಲು ಸರಿಮಾಡಿಕೊಂಡರು.

ಅವರ ತಲೆಯ ಮೇಲೆ, ಗೋಡೆಯಗಲ, ಅಕ್ಷರಗಳು ಮೂಡಿದವು: "ಬಾಯ್ ಬುಡ್ಲಾ ಮುಂಡೇದೇ!"

ಅಧಿಕಾರಿಗಳು ನಿಧಾನವಾಗಿ ಹಿಂದಕ್ಕೆ ತಿರುಗಿ, ಕನ್ನಡಕ ಹಾಕಿಕೊಂಡು ಓದಿದರು. ನಾನು ಗಾಬರಿಯಲ್ಲಿ ಮತ್ತೆ ಗುಂಡಿ ಒತ್ತಿದೆ. ಒತ್ತಬಾರದಿತ್ತು.

"ಎಷ್ಟ್ ಸಲ ಕೇಳದ್ಲಾ ನಿನ್ನ? ಸೋಂಬೇರಿ ನನ್ ಮಗ್ನೇ!"

ಹಿಂದಿನ ಸಾಲಿನಿಂದ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ. ಸುಧಾ ಬಂದು ನನ್ನ ಕಡೆ ತಿರುಗಿಯೂ ನೋಡದೆ ಪ್ರೊಜೆಕ್ಟರಿನ ವೈರು ಕಿತ್ತಳು. ಬೋರ್ಡಿನ ಮೇಲೆ ಒಂದು ಅಡ್ಡ, ಒಂದು ಉದ್ದ ಗೆರೆ ಎಳೆದು, ಸೀಮೆಸುಣ್ಣವನ್ನು ಅಧಿಕಾರಿಗಳ ಕೈಗೇ ಕೊಟ್ಟಳು.

"ಸಾರ್, ನೀವೇ ಒಂದು ಸಂಖ್ಯೆ ಹೇಳಿ, ಅದರ ವರ್ಗ ಲೆಕ್ಕ ಹಾಕಿ, ಚುಕ್ಕಿ ಇಡಿ."

ಅವರು ಇಟ್ಟರು. ಆಮೇಲೆ ಒಬ್ಬೊಬ್ಬರಾಗಿ ಮೇಷ್ಟ್ರುಗಳು ಬಂದು ತಮ್ಮ ತಮ್ಮ ಚುಕ್ಕಿ ಇಟ್ಟರು. ಒಬ್ಬರು ಋಣ ಸಂಖ್ಯೆಯ ವರ್ಗವನ್ನೂ ಋಣವೆಂದು ಕೆಳಗೆ ಇಟ್ಟಾಗ ಹತ್ತು ಜನ ಎದ್ದು ವಾದಕ್ಕೆ ನಿಂತರು. ಸುಧಾ ಸುಮ್ಮನೆ ನಿಂತು, ಅವರೇ ಜಗಳವಾಡಿ ಅವರೇ ತಿದ್ದಿಕೊಳ್ಳಲು ಬಿಟ್ಟಳು. ಚುಕ್ಕಿಗಳನ್ನು ಸೇರಿಸಿದಾಗ ಪರವಲಯ ಬಂತು. ನೆಟ್ಟಗೇ ಬಂತು! ಚಪ್ಪಾಳೆಯೋ ಚಪ್ಪಾಳೆ.

ವಾಪಸು ಬಸ್ಸಿನಲ್ಲಿ ನನಗೆ ನಿಜವಾಗಿ ಅಳು ಬರುವಂತಾಗಿತ್ತು. ಚಪ್ಪಾಳೆ ಬಿದ್ದರೇನು, ಸಾಹೇಬರಿಗೇ ಬೈಗುಳ ಓದಿಸಿ ಆಕೆಯ ಆಸೆಯನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ! "ತಪ್ಪಾಯ್ತು ಕಣೇ," ಎಂದೆ.

ಆಕೆ ಟಿಕೆಟ್ಟನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಆಮೇಲೆ, "ಗೋಡೆ ಮೇಲೆ ನಿಮ್ ಚಿತ್ರ ಬಂದಿದ್ರೆ ಎಲ್ರೂ ಗೋಡೆ ನೋಡ್ಕೊಂಡು ಓಗೋರು. ಬರ್ನಿಲ್ಲ, ಅದ್ಕೇ ಪಾಠ ನೋಡುದ್ರು ಬುಡಿ," ಎಂದಳು. ಅದು ಸಮಾಧಾನವೋ ಬೈಗುಳವೋ ನನಗೆ ಇನ್ನೂ ಗೊತ್ತಾಗಿಲ್ಲ.

ಸುಧಾ ಆಯ್ಕೆಯಾದಳು! ಮೊದಲ ತರಬೇತಿಗೆ ನಾನೂ ಹೊರಟೆ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವರು ಸೆರಗಿಗೆ ಸಿಕ್ಕಿಸಿಕೊಳ್ಳಲು ಆಕೆಗೆ "ಸಂಪನ್ಮೂಲ ವ್ಯಕ್ತಿ" ಎಂಬ ಪಟ್ಟಿ ಕೊಟ್ಟು, ನನ್ನ ಕಡೆ ತಿರುಗಿ ಗೌರವದಿಂದ, "ತಾವು, ಸಾರ್?" ಎಂದರು. ನಾನು ಎದೆ ಸೆಟೆಸಿ ಬಾಯಿ ತೆರೆಯುವಷ್ಟರಲ್ಲಿ ಸುಧಾ ಹೇಳಿದಳು:

"ನಮ್ಮನೆಯವ್ರು. ಬ್ಯಾಗ್ ಇಟ್ಕೊಂಡು ಕೂತಿರ್ತಾರೆ."

ಸಂಜೆಯವರೆಗೂ ಇಟ್ಟುಕೊಂಡು ಕೂತಿದ್ದೆ. ಆ ಕೆಲಸದಲ್ಲಿ ಮಾತ್ರ ಒಂದು ತಪ್ಪೂ ಆಗಲಿಲ್ಲ!